ಮರೆಯಬೇಕಿದ್ದ ಅಜ್ಜಿ ಮರೆಯಲಿಲ್ಲ

2016ರಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕೊಲಂಬಿಯಾದಿಂದ ವಿಮಾನ ಹತ್ತಿ ಅಮೆರಿಕದ ಬಾಸ್ಟನ್‌ಗೆ ಬಂದರು. ನೆಂಟರ ಮನೆಗಲ್ಲ, ಊರು ನೋಡಲಿಕ್ಕೂ ಅಲ್ಲ. ಮೆದುಳಿನ ಸ್ಕ್ಯಾನ್ ಮಾಡಿಸಿಕೊಳ್ಳಲು. ಅವರ ರಕ್ತದಲ್ಲಿದ್ದ ಒಂದು ವಂಶವಾಹಿಯ ಪ್ರಕಾರ ಅವರಿಗೆ ನಲವತ್ತನಾಲ್ಕರ ಸುಮಾರಿಗೆ ಮರೆವು ಶುರುವಾಗಬೇಕಿತ್ತು. ಐವತ್ತರ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳಲು ಆಗದಂತಾಗಬೇಕಿತ್ತು. ಅರವತ್ತರ ಆಸುಪಾಸಿನಲ್ಲಿ ತೀರಿಕೊಳ್ಳಬೇಕಿತ್ತು. ಅವರ ಮನೆತನದಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು ಅದೇ. ಇವರೊಬ್ಬರು ಮಾತ್ರ ಎಪ್ಪತ್ತು ದಾಟಿಯೂ ಮಾತುಕತೆ ಆಡಿಕೊಂಡು ಚೆನ್ನಾಗಿದ್ದರು.

ಸ್ಕ್ಯಾನ್ ಮುಗಿದಾಗ ಒಗಟು ಬಿಡಲಿಲ್ಲ, ಇನ್ನೂ ಬಿಗಿಯಾಯಿತು. ಅಲ್ಜೈಮರ್ ರೋಗಿಗಳ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಸಿಯ ಹಾಗೆ ಕೂರುತ್ತದೆ. ಈ ಅಜ್ಜಿಯ ಮೆದುಳಿನಲ್ಲಿ ಆ ಗಸಿ ಇಲ್ಲ ಅಥವಾ ಕಡಿಮೆ ಇದೆ ಎಂದಿದ್ದರೆ ಕಥೆ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಗಸಿ ಧಾರಾಳವಾಗಿತ್ತು. ಅದೇ ಮನೆತನದಲ್ಲಿ ಈ ಸ್ಕ್ಯಾನ್ ಮಾಡಿಸಿಕೊಂಡ ಬೇರೆ ಯಾರಲ್ಲೂ ಅಷ್ಟು ಕಂಡಿರಲಿಲ್ಲ. ರೋಗದ ಗುರುತು ಎಲ್ಲರಿಗಿಂತ ಜಾಸ್ತಿ, ರೋಗ ಮಾತ್ರ ಕಾಣುತ್ತಿಲ್ಲ. ಆ ಮೆದುಳಿನ ಒಡತಿ ಎದುರಿಗೇ ಕೂತಿದ್ದಾರೆ.

2019ರ ನವೆಂಬರ್‌ನಲ್ಲಿ ಈ ಪ್ರಕರಣ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ಆ ಲೇಖನದಲ್ಲಿ ಆಕೆಯ ಹೆಸರಿಲ್ಲ. ನಾನೂ ಇಲ್ಲಿ ಅಜ್ಜಿ ಎಂದೇ ಕರೆಯುತ್ತೇನೆ. ಒಬ್ಬರ ಮೈಯಲ್ಲಿ ಕಂಡ ಒಂದು ವಿಚಿತ್ರ ಎಷ್ಟು ದೂರ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಲಾ ಬೊಬೆರಾ

ಕೊಲಂಬಿಯಾದ ವಾಯುವ್ಯಕ್ಕೆ ಆಂಟಿಯೋಕಿಯಾ ಎಂಬ ಪ್ರಾಂತ್ಯ. ಆಂಡೀಸ್ ಬೆಟ್ಟಗಳ ನಾಡು. ರಾಜಧಾನಿ ಮೆಡೆಲಿನ್. ಅಲ್ಲಿಂದ ಉತ್ತರಕ್ಕೆ ಬೆಟ್ಟ ಹತ್ತುತ್ತಾ ಹೋದರೆ ಬೆಲ್ಮಿರಾ, ಅಂಗೋಸ್ತುರಾ, ಯಾರುಮಾಲ್ ಎಂಬ ಊರುಗಳು ಸಿಗುತ್ತವೆ. ಈ ಕಡೆಯ ಕೆಲವು ಮನೆತನಗಳಲ್ಲಿ ನಡುವಯಸ್ಸಿನವರಿಗೇ ಮರೆವು ಬರುತ್ತಿತ್ತು. ಮೊದಲು ಹೇಳಿದ್ದನ್ನೇ ಹೇಳುವುದು. ಆಮೇಲೆ ಬಾಯಿಗೆ ಮಾತು ಸಿಗದೆ ತಡವರಿಸುವುದು. ಕೊನೆಗೆ ಎದ್ದು ಕೂರಲೂ ಇನ್ನೊಬ್ಬರು ಬೇಕು. ಊರವರು ಇದಕ್ಕೆ 'ಲಾ ಬೊಬೆರಾ' ಎನ್ನುತ್ತಿದ್ದರು. ಪೆದ್ದುತನ, ಮಂಕುತನ ಅಂತ ಅರ್ಥ. ಯಾರದೋ ಶಾಪ ಎಂದು ನಂಬಿದವರೂ ಇದ್ದರು.

ನಮ್ಮಲ್ಲಿ 'ಅರವತ್ತಕ್ಕೆ ಅರಳು ಮರಳು' ಅಂತೀವಿ. ಆ ಮಾತಿನಲ್ಲೂ ಅದೇ ತೊಂದರೆ ಇದೆ. ಕಾಯಿಲೆಗೆ ಒಂದು ಹೆಸರು ಇಟ್ಟುಬಿಟ್ಟರೆ ಅದು ಕಾಯಿಲೆ ಅನ್ನಿಸುವುದೇ ಇಲ್ಲ. ವಯಸ್ಸಾಯಿತು, ಹಾಗೇ ಆಗೋದು, ಅಷ್ಟೇ. ಆದರೆ ಬೆಲ್ಮಿರಾದವರ ಅರಳು ಮರಳಿಗೆ ವಯಸ್ಸಿನ ನೆಪ ಹೇಳಲು ಬರುತ್ತಿರಲಿಲ್ಲ. ನಲವತ್ತೈದು ಅಂದರೆ ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿರುವ ವಯಸ್ಸು, ಅಲ್ವಾ?

1980ರ ದಶಕದಲ್ಲಿ ಮೆಡೆಲಿನ್‌ನಲ್ಲಿ ನರರೋಗದ ತರಬೇತಿಯಲ್ಲಿದ್ದ ಫ್ರಾನ್ಸಿಸ್ಕೊ ಲೊಪೆರಾ ಎಂಬ ಯುವ ಡಾಕ್ಟರ ಬಳಿಗೆ ಬೆಲ್ಮಿರಾದಿಂದ 47 ವರ್ಷದ ಒಬ್ಬ ರೋಗಿ ಬಂದರು. ಲಕ್ಷಣವೆಲ್ಲ ಅಲ್ಜೈಮರ್‌ನದೇ. ವಯಸ್ಸು ಮಾತ್ರ ಕೂಡಿ ಬರುತ್ತಿಲ್ಲ. ವಿಚಾರಿಸಿದರೆ ಅವರ ತಂದೆಗೂ ಹೀಗೇ ಆಗಿತ್ತು, ಅಜ್ಜನಿಗೂ ಆಗಿತ್ತು, ಒಡಹುಟ್ಟಿದವರಲ್ಲೂ ಕೆಲವರಿಗೆ ಶುರುವಾಗಿತ್ತು. ಲೊಪೆರಾ ಆಸ್ಪತ್ರೆಯಲ್ಲೇ ಕೂರಲಿಲ್ಲ, ಆ ಊರಿಗೇ ಹೋದರು. 1987ರಲ್ಲಿ ಕೊಲಂಬಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆ ಕುಟುಂಬದ ಬಗ್ಗೆ ಮೊದಲ ವರದಿ ಬಂತು.

ಅಲ್ಲಿಂದ ಮುಂದಿನದು ಮನೆಮನೆ ಬಾಗಿಲು ಬಡಿಯುವ ಕೆಲಸ. ಲೊಪೆರಾ ಮತ್ತು ಅವರ ಜೊತೆಗಿದ್ದ ನರ್ಸು ಚರ್ಚಿನ ದಫ್ತರಗಳನ್ನು ತೆಗೆಸಿ, ಯಾರು ಯಾರ ಮಗ, ಯಾರಿಗೆ ಯಾವಾಗ ಮದುವೆ, ಯಾರು ಯಾವ ವಯಸ್ಸಿಗೆ ಸತ್ತರು ಎಂದು ಬರೆದುಕೊಳ್ಳುತ್ತಾ ಹೋದರು. ಒಂದು ಕುಟುಂಬ ಎಂದುಕೊಂಡದ್ದು ಇಪ್ಪತ್ತೈದು ದೊಡ್ಡ ಕುಟುಂಬಗಳಾಯಿತು. ಇವತ್ತಿನ ಲೆಕ್ಕದಲ್ಲಿ ಬದುಕಿರುವ ಸುಮಾರು 6,000 ಜನ, ಅವರಲ್ಲಿ ಸುಮಾರು 1,200 ಜನರಲ್ಲಿ ಆ ಕೆಟ್ಟ ವಂಶವಾಹಿ ಇದೆ. ವಂಶದಲ್ಲಿ ಹರಿಯುವ ಅಲ್ಜೈಮರ್ ಇಷ್ಟು ದೊಡ್ಡ ಮನೆತನದಲ್ಲಿ ಇರುವುದು ಜಗತ್ತಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಈ ಕೆಲಸ ನಡೆದ ಕಾಲವನ್ನೂ ನೆನಪಿಡಬೇಕು. 1980ರ ಕೊನೆ, 90ರ ಮೊದಲ ವರ್ಷಗಳು. ಮೆಡೆಲಿನ್ ಅಂದರೆ ಪಾಬ್ಲೊ ಎಸ್ಕೊಬಾರ್‌ನ ಊರು. ನಗರದಲ್ಲಿ ಮಾದಕವಸ್ತು ದಂಧೆಯವರ ಗುಂಡು, ಬೆಟ್ಟದ ಹಾದಿಯಲ್ಲಿ ಗೆರಿಲ್ಲಾಗಳು ಮತ್ತು ಅವರನ್ನು ಹೊಡೆಯಲು ಹುಟ್ಟಿಕೊಂಡ ಶಸ್ತ್ರಧಾರಿ ಗುಂಪುಗಳು. ಇವುಗಳ ನಡುವೆ ರಕ್ತದ ಸೀಸೆ ಹಿಡಿದು ಓಡಾಡಬೇಕು. ಕೆಲವು ಊರುಗಳಿಗೆ ವರ್ಷಗಟ್ಟಲೆ ಕಾಲಿಡಲು ಆಗುತ್ತಿರಲಿಲ್ಲ. ವಿಜ್ಞಾನದ ಸುದ್ದಿ ಬರೆಯುವಾಗ ನಾವು ಬಾಸ್ಟನ್‌ನ ಸ್ಕ್ಯಾನರಿನಿಂದ ಶುರು ಮಾಡುತ್ತೇವೆ. ನಾನೂ ಅದನ್ನೇ ಮಾಡಿದೆ. ಆದರೆ ಆ ಮೂವತ್ತು ವರ್ಷದ ಬಾಗಿಲು ಬಡಿಯುವ ಕೆಲಸ ಇಲ್ಲದಿದ್ದರೆ ಅಜ್ಜಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಚೆನ್ನಾಗಿರುವವರು ಆಸ್ಪತ್ರೆಗೆ ಯಾಕೆ ಹೋಗುತ್ತಾರೆ?

280ನೇ ಮಣಿ

1990ರ ದಶಕದಲ್ಲಿ ಹಾರ್ವರ್ಡ್‌ನಲ್ಲಿದ್ದ ಕೆನೆತ್ ಕೋಸಿಕ್ ಮುಂತಾದವರು ಲೊಪೆರಾ ಜೊತೆ ಸೇರಿದರು. ತಪ್ಪು ಎಲ್ಲಿದೆ ಎನ್ನುವುದು 1995ರಲ್ಲಿ ಸಿಕ್ಕಿತು. 14ನೇ ವರ್ಣತಂತುವಿನಲ್ಲಿ ಪ್ರೆಸೆನಿಲಿನ್-1 ಎಂಬ ವಂಶವಾಹಿ ಇದೆ. ಅದು ಹೇಳಿದಂತೆ ದೇಹ ಒಂದು ಪ್ರೋಟೀನು ಕಟ್ಟುತ್ತದೆ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಈ ಸರದಲ್ಲಿ 467 ಮಣಿಗಳು. 280ನೇ ಮಣಿ ಗ್ಲುಟಾಮಿಕ್ ಆಮ್ಲ ಇರಬೇಕು, ಈ ಮನೆತನದವರಲ್ಲಿ ಅಲನಿನ್ ಇದೆ. ತಪ್ಪು ಇಷ್ಟೇ. ಆಂಟಿಯೋಕಿಯಾದವರನ್ನು ಅಲ್ಲಿ 'ಪೈಸಾ' ಎಂದು ಕರೆಯುತ್ತಾರೆ, ಹಾಗಾಗಿ ಇದಕ್ಕೆ ಪೈಸಾ ಮ್ಯುಟೇಶನ್ ಎಂಬ ಹೆಸರು ಬಿತ್ತು. ಮುಂದೆ ವಂಶವಾಹಿಗಳನ್ನು ಹೋಲಿಸಿ ಲೆಕ್ಕ ಹಾಕಿದವರು, ಸುಮಾರು 375 ವರ್ಷಗಳ ಹಿಂದೆ ಇದ್ದ ಒಬ್ಬನೇ ಪೂರ್ವಜನಿಂದ, ಬಹುಶಃ ಸ್ಪೇನಿನಿಂದ ಬಂದವನೊಬ್ಬನಿಂದ, ಇದು ಹರಡಿತು ಎಂದರು.

ಆ ಒಂದು ಮಣಿಯಿಂದ ಆಗುವುದೇನು? ನರಕೋಶದ ಪೊರೆಯಲ್ಲಿ ಚುಚ್ಚಿಕೊಂಡಿರುವ ಒಂದು ಉದ್ದ ಪ್ರೋಟೀನನ್ನು ಕತ್ತರಿಸುವ ಕತ್ತರಿ ದೇಹದಲ್ಲಿದೆ. ಪ್ರೆಸೆನಿಲಿನ್ ಆ ಕತ್ತರಿಯ ಅಲಗು. ಅಲಗು ಸೊಟ್ಟಗಾದರೆ ಕತ್ತರಿಸಿದ ತುಂಡು ಸ್ವಲ್ಪ ಉದ್ದ ಉಳಿಯುತ್ತದೆ. ಉದ್ದ ತುಂಡು ಅಂಟಂಟು. ಅವು ಒಂದಕ್ಕೊಂದು ಅಂಟಿಕೊಂಡು ಕೋಶಗಳ ನಡುವೆ ಗಸಿ ಕಟ್ಟುತ್ತವೆ. ಅದೇ ಅಮಿಲಾಯ್ಡ್. ಈ ಮನೆತನದಲ್ಲಿ ಪೈಸಾ ಇರುವವರಿಗೆ ಇಪ್ಪತ್ತೆಂಟರ ಸುಮಾರಿಗೇ ಸ್ಕ್ಯಾನಿನಲ್ಲಿ ಗಸಿ ಕಾಣತೊಡಗುತ್ತದೆ. ಮರೆವು ಬರಲು ಆಗಿನ್ನೂ ಹದಿನೈದು ವರ್ಷ ಇರುತ್ತದೆ.

ಅಲ್ಜೈಮರ್ ಮೆದುಳಿನಲ್ಲಿ ಇನ್ನೊಂದು ಪ್ರೋಟೀನೂ ಕೆಡುತ್ತದೆ. ಅದರ ಹೆಸರು ಟೌ. ಅಮಿಲಾಯ್ಡ್ ಕೋಶಗಳ ಹೊರಗೆ ಕೂತರೆ, ಟೌ ಕೋಶದ ಒಳಗೆ ನೂಲಿನ ಗಂಟಿನಂತೆ ಸಿಕ್ಕಾಗುತ್ತದೆ. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಜೈಮರ್ ತನ್ನ ರೋಗಿಯೊಬ್ಬರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದು ಈ ಎರಡನ್ನೂ. ಗಸಿಯನ್ನೂ, ಗಂಟನ್ನೂ. ಆ ರೋಗಿ ಆಸ್ಪತ್ರೆಗೆ ಸೇರಿದ್ದು 51ನೇ ವಯಸ್ಸಿನಲ್ಲಿ. ಅಂದರೆ ಈ ಕಾಯಿಲೆಯ ಮೊದಲ ಕಥೆಯೇ ವಯಸ್ಸಾಗದವರ ಕಥೆ.

ಎರಡರಲ್ಲಿ ಕೊಲ್ಲುವವರು ಯಾರು ಎಂಬ ಜಗಳ ದಶಕಗಳಿಂದ ಇದೆ. 1992ರ ಹೊತ್ತಿಗೆ ಒಂದು ವಾದ ಮೇಲುಗೈ ಪಡೆಯಿತು: ಮೊದಲು ಅಮಿಲಾಯ್ಡ್, ಅದರ ಹಿಂದೆ ಟೌ, ಅದರ ಹಿಂದೆ ಕೋಶಗಳ ಸಾವು, ಕೊನೆಗೆ ಮರೆವು. ಪೈಸಾ ಮನೆತನದವರೇ ಅದಕ್ಕೆ ದೊಡ್ಡ ಸಾಕ್ಷಿಗಳಾಗಿದ್ದರು. ಕತ್ತರಿ ಕೆಟ್ಟರೆ ಗಸಿ, ಗಸಿ ಬಂದರೆ ಮರೆವು. ತಪ್ಪಿದ್ದೇ ಇಲ್ಲ.

ಆಮೇಲೆ ಅಜ್ಜಿ ಕಣ್ಣಿಗೆ ಬಿದ್ದರು.

ಗಸಿ ಇದೆ, ಗಂಟು ಇಲ್ಲ

ಇಂಥ ಫಲಿತಾಂಶ ಕೈಗೆ ಬಂದರೆ ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಮೊದಲು ಬರುವ ಅನುಮಾನ, ಸ್ಯಾಂಪಲ್ ಅದಲು ಬದಲಾಗಿದೆಯಾ ಎಂಬುದು. ಬಾಸ್ಟನ್ನಿನ ಸ್ಕ್ಯಾನ್ ಆ ಅನುಮಾನಕ್ಕೆ ಜಾಗ ಬಿಡಲಿಲ್ಲ. ಪೈಸಾ ಇಲ್ಲದಿದ್ದರೆ ಅಷ್ಟು ಗಸಿ ಎಲ್ಲಿಂದ ಬರಬೇಕು? ಟೌ ನೋಡುವ ಸ್ಕ್ಯಾನೂ ಮಾಡಿದ್ದರು. ಗಸಿ ಬೆಟ್ಟದಷ್ಟಿದ್ದರೂ ಗಂಟು ಸ್ವಲ್ಪ ಜಾಗದಲ್ಲಿ ಮಾತ್ರ ಇತ್ತು. ಅದೇ ಮನೆತನದಲ್ಲಿ ನಲವತ್ತರ ವಯಸ್ಸಿಗೆ ಮಂಕಾದವರ ಮೆದುಳಿನಲ್ಲಿ ಟೌ ಹರಡಿದ್ದ ಜಾಗಗಳು ಇವರಲ್ಲಿ ಬಹುಪಾಲು ಖಾಲಿ. ಮೆದುಳು ಸಕ್ಕರೆ ಉರಿಸುವ ಕೆಲಸವೂ ಸರಿಯಾಗಿಯೇ ನಡೆದಿತ್ತು.

ಇಲ್ಲಿಗೆ ಒಂದು ವಿಷಯ ಗಟ್ಟಿಯಾಯಿತು. ಗಸಿ ಇದ್ದ ಮಾತ್ರಕ್ಕೆ ಮರೆವು ಬರಲೇಬೇಕೆಂದಿಲ್ಲ. ಗಸಿಗೂ ಗಂಟಿಗೂ ನಡುವೆ ಎಲ್ಲೋ ಒಂದು ಬಾಗಿಲಿದೆ. ಈ ಅಜ್ಜಿಯಲ್ಲಿ ಅದು ಮುಚ್ಚಿದೆ. ಮುಚ್ಚಿದ್ದು ಯಾರು?

ಇದನ್ನು ಹುಡುಕಿದವರಲ್ಲಿ ಮುಖ್ಯರು ಯಾಕೀಲ್ ಕಿರೋಜ್ ಮತ್ತು ಹೋಸೆ ಅರ್ಬೊಲೆಡಾ-ವೆಲಾಸ್ಕೆಜ್. ಇಬ್ಬರೂ ಕೊಲಂಬಿಯಾದವರು, ಗಂಡ ಹೆಂಡತಿ, ಬಾಸ್ಟನ್‌ನಲ್ಲಿ ಕೆಲಸ. ಕಿರೋಜ್ ವಿದ್ಯಾರ್ಥಿಯಾಗಿದ್ದಾಗ ಲೊಪೆರಾ ಅವರ ಗುಂಪಿನಲ್ಲೇ ಪಳಗಿದವರು. ಅರ್ಬೊಲೆಡಾ-ವೆಲಾಸ್ಕೆಜ್ ಇದ್ದದ್ದು ಕಣ್ಣಿನ ಸಂಶೋಧನಾ ಸಂಸ್ಥೆಯಲ್ಲಿ. ಮೆದುಳಿನ ಒಗಟಿಗೆ ಕಣ್ಣಿನ ಸಂಸ್ಥೆಯವರು ಉತ್ತರ ಹುಡುಕಿದ್ದು ನನಗೆ ಸುಮ್ನೆ ಖುಷಿ ಕೊಡುತ್ತದೆ.

ಅಜ್ಜಿಯ ವಂಶವಾಹಿಗಳನ್ನು ಪೂರ್ತಿ ಓದಿದಾಗ ಇನ್ನೊಂದು ಸರದಲ್ಲಿ ಇನ್ನೊಂದು ಮಣಿ ಬದಲಾಗಿತ್ತು. ಈ ಸರದ ಹೆಸರು ಎಪಿಒಇ. 299 ಮಣಿಗಳ ಸರ, 136ನೇ ಮಣಿ ಅರ್ಜಿನಿನ್ ಬದಲು ಸೆರಿನ್. ಎಪಿಒಇ ಕೊಬ್ಬನ್ನು ಹೊತ್ತು ಸಾಗಿಸುವ ಪ್ರೋಟೀನು. ಅಲ್ಜೈಮರ್ ಸಂಶೋಧನೆಯಲ್ಲಿ ಅದು ಹಳೆಯ ಪರಿಚಯ. ಅದರ 4ನೇ ಬಗೆ ಇರುವವರಿಗೆ ಮುಪ್ಪಿನಲ್ಲಿ ಅಲ್ಜೈಮರ್ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು, 2ನೇ ಬಗೆ ಇದ್ದರೆ ಕಡಿಮೆ. ಅಜ್ಜಿಯಲ್ಲಿದ್ದದ್ದು ಹೆಚ್ಚಿನವರಲ್ಲಿ ಮಾಮೂಲಾಗಿ ಇರುವ 3ನೇ ಬಗೆ, ಆದರೆ ಆ ಒಂದು ಮಣಿ ಬೇರೆ. ಈ ಬದಲಾವಣೆಯನ್ನು ಮೊದಲು ಕಂಡದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ, 1987ರಲ್ಲಿ. ಊರಿನ ಹೆಸರೇ ಅದಕ್ಕೂ ಬಂತು. ಆಗ ಅದು ಸುದ್ದಿಯಾದದ್ದು ರಕ್ತದಲ್ಲಿ ಕೊಬ್ಬು ಏರಿಸುವ ತಪ್ಪಾಗಿ. ಅಜ್ಜಿಗೂ ಕೊಲೆಸ್ಟರಾಲ್ ಹೆಚ್ಚೇ ಇತ್ತು. ಕೊಬ್ಬಿನ ಲೆಕ್ಕದಲ್ಲಿ ಕೆಟ್ಟದ್ದು, ಮೆದುಳಿನ ಲೆಕ್ಕದಲ್ಲಿ ಕಾವಲುಗಾರ.

ಇಷ್ಟು ಸಾಲದು. ಕ್ರೈಸ್ಟ್‌ಚರ್ಚ್ ಬದಲಾವಣೆ ಅಜ್ಜಿಯಲ್ಲಿ ಎರಡು ಪ್ರತಿ ಇತ್ತು. ಪ್ರತಿ ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ. ಒಂದು ಅಪ್ಪನದು, ಒಂದು ಅಮ್ಮನದು. ಅಪರೂಪದ ಬದಲಾವಣೆ ಎರಡೂ ಕಡೆಯಿಂದ ಬರುವುದು ಇನ್ನೂ ಅಪರೂಪ. ಬೆಟ್ಟದ ಒಳಗೆ ಒಂದಕ್ಕೊಂದು ಹೆಣೆದುಕೊಂಡು ಬೆಳೆದ ಸಂಬಂಧಗಳಲ್ಲಿ ಅದು ಸ್ವಲ್ಪ ಸಲೀಸು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿರದ ಸಂಬಂಧದಲ್ಲಿ ಕೆಟ್ಟ ವಂಶವಾಹಿ ಜೋಡಿಯಾಗುತ್ತದೆ ಎಂದು ಡಾಕ್ಟರು ಎಚ್ಚರಿಸುತ್ತಾರೆ. ಇಲ್ಲಿ ಜೋಡಿಯಾಗಿದ್ದು ಕಾಪಾಡುವಂಥದ್ದು.

ಕಾಪಾಡುವುದು ಹೇಗೆ ಎನ್ನುವುದಕ್ಕೆ ಅವರು ಕೊಟ್ಟ ವಿವರಣೆ ಹೀಗೆ. ನರಕೋಶದ ಹೊರಮೈ ಮೇಲೆ ಸಕ್ಕರೆಯ ಉದ್ದುದ್ದ ಎಳೆಗಳಿರುತ್ತವೆ. ಹೆಪರಾನ್ ಸಲ್ಫೇಟ್ ಎಂದು ಹೆಸರು. ಟೌ ಒಂದು ಕೋಶದಿಂದ ಇನ್ನೊಂದಕ್ಕೆ ಹೋಗುವಾಗ ಈ ಎಳೆಗಳನ್ನು ಹಿಡಿದುಕೊಂಡು ಒಳಗೆ ನುಗ್ಗುತ್ತದೆ. ಎಪಿಒಇ ಕೂಡ ಇದೇ ಎಳೆಗಳಿಗೆ ಅಂಟುತ್ತದೆ. ಅಪಾಯದ 4ನೇ ಬಗೆ ಜೋರಾಗಿ ಅಂಟುತ್ತದೆ. 136ನೇ ಮಣಿ ಬದಲಾದ ಕ್ರೈಸ್ಟ್‌ಚರ್ಚ್ ಬಗೆ ಅಂಟುವುದೇ ಕಷ್ಟ. ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಅಂಟುವ ಶಕ್ತಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಇದರಲ್ಲೇ. ಆ ಹಿಡಿತ ಇಲ್ಲದ ಕಡೆ ಟೌ ಹರಡಲು ಒದ್ದಾಡುತ್ತದೆ, ಹಾಗಾಗಿ ಗಸಿ ಕೂತರೂ ಗಂಟು ಬೆಳೆಯಲಿಲ್ಲ ಎಂಬುದು ವಾದ. ಮುಂದೆ ಇಲಿಗಳಿಗೆ ಈ ಬದಲಾವಣೆ ಸೇರಿಸಿ ನೋಡಿದಾಗ ಅಲ್ಲೂ ಟೌ ಹರಡುವುದು ಕಡಿಮೆಯಾಯಿತು.

ವಾದ ಚೆನ್ನಾಗಿದೆ. ಆದರೂ ಇದು ಒಬ್ಬರ ಕಥೆ. ಒಬ್ಬರಲ್ಲಿ ಎರಡು ವಿಚಿತ್ರ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಆಗುವುದಿಲ್ಲ. ಅಜ್ಜಿಯಲ್ಲಿ ಬೇರೆ ಎಷ್ಟೋ ಚಿಕ್ಕಪುಟ್ಟ ಬದಲಾವಣೆಗಳೂ ಇದ್ದವು, ಎಲ್ಲರಲ್ಲೂ ಇರುವಂತೆ. 2019ರಲ್ಲಿ ಪತ್ರಿಕೆಗಳು 'ಅಲ್ಜೈಮರ್‌ಗೆ ಕೀಲಿಕೈ ಸಿಕ್ಕಿತು' ಎಂಬ ಧಾಟಿಯಲ್ಲಿ ಬರೆದದ್ದು ನನಗೆ ಹಿಡಿಸಲಿಲ್ಲ. ಸಿಕ್ಕಿದ್ದು ಕೀಲಿಕೈ ಅಲ್ಲ. ಗೋಡೆ ಎಂದುಕೊಂಡ ಕಡೆ ಒಂದು ಬಾಗಿಲಿದೆ ಎಂಬ ಸುಳಿವು.

ಆ ಸುಳಿವಿಗೆ 2023ರಲ್ಲಿ ಒಳ್ಳೆಯ ಆಸರೆ ಸಿಕ್ಕಿತು. ಅದೇ ಮನೆತನದ ಒಬ್ಬ ಗಂಡಸು, ಪೈಸಾ ಇದ್ದರೂ 67ರವರೆಗೆ ಸರಿಯಾಗಿದ್ದವರು, ಅವರ ಪ್ರಕರಣ ವರದಿಯಾಯಿತು. ಅವರಲ್ಲಿ ಕ್ರೈಸ್ಟ್‌ಚರ್ಚ್ ಇರಲಿಲ್ಲ. ಬದಲಾಗಿದ್ದು ರೀಲಿನ್ ಎಂಬ ಬೇರೆಯೇ ಪ್ರೋಟೀನು. ಅವರ ಮೆದುಳಿನಲ್ಲೂ ಗಸಿ ತುಂಬಿತ್ತು. ಆದರೆ ನೆನಪಿನ ಹೆಬ್ಬಾಗಿಲಿನಂತಿರುವ ಒಂದು ಸಣ್ಣ ಭಾಗದಲ್ಲಿ ಟೌ ತೀರಾ ಕಡಿಮೆ. ರೀಲಿನ್‌ಗೂ ಎಪಿಒಇಗೂ ಏನು ಸಂಬಂಧ? ನರಕೋಶದ ಮೇಲೆ ಹೊರಗಿನ ಸಂದೇಶ ಹಿಡಿಯುವ ಗ್ರಾಹಕಗಳೆಂಬ ಪ್ರೋಟೀನುಗಳಿರುತ್ತವೆ, ಎರಡೂ ಬಂದು ಕೂರುವುದು ಒಂದೇ ಬಗೆಯ ಗ್ರಾಹಕಗಳಿಗೆ. ಇಬ್ಬರು ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ವಂಶವಾಹಿಗಳು, ತಟ್ಟಿದ್ದು ಒಂದೇ ಕಡೆ. ಇಲಿಗಳ ಪ್ರಯೋಗಕ್ಕಿಂತ ನನ್ನನ್ನು ಒಪ್ಪಿಸಿದ್ದು ಇದು.

ಹೇಳದೆ ಉಳಿದ ಮಾತು

ಅಜ್ಜಿಯ ಸುದ್ದಿ ಓಡಾಡುತ್ತಿದ್ದ ಹೊತ್ತಿಗೆ ಅದೇ ಮನೆತನದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆದಿತ್ತು. 2013ರಲ್ಲಿ ಶುರುವಾದ ಔಷಧ ಪರೀಕ್ಷೆ. ಕ್ರೆನೆಜುಮ್ಯಾಬ್ ಎಂಬ, ಅಮಿಲಾಯ್ಡನ್ನು ಹಿಡಿಯುವ ಇಂಜೆಕ್ಷನ್ನನ್ನು ಕಾಯಿಲೆ ಬರುವ ಮೊದಲೇ ಕೊಟ್ಟು ನೋಡುವುದು. ಮನೆಗೆ ಬೆಂಕಿ ಬಿದ್ದ ಮೇಲೆ ನೀರು ಹಾಕಿ ಸೋತವರು, ಈ ಸಲ ಕಿಡಿ ಕಾಣುವ ಮೊದಲೇ ನೀರು ಚಿಮುಕಿಸೋಣ ಎಂದುಕೊಂಡರು. 252 ಜನ ಸೇರಿದರು.

ಇದರಲ್ಲಿ ಒಂದು ಸೂಕ್ಷ್ಮವಿದೆ. ದಶಕಗಳ ಕಾಲ ಈ ಸಂಶೋಧನೆಯಲ್ಲಿ ಪಾಲ್ಗೊಂಡವರಿಗೆ, ನಿಮ್ಮಲ್ಲಿ ಪೈಸಾ ಇದೆ ಅಥವಾ ಇಲ್ಲ ಎಂದು ಹೇಳುತ್ತಿರಲಿಲ್ಲ. ಮದ್ದಿಲ್ಲದ ಕಾಯಿಲೆ. ಮುಂಚೆಯೇ ಹೇಳಿ ಏನು ಮಾಡುವುದು ಎಂಬ ಯೋಚನೆ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದಂತೆ. ಆ ನಾಣ್ಯ ಹೇಗೆ ಬಿದ್ದಿದೆ ಎಂದು ಮೆಡೆಲಿನ್ನಿನ ಕಡತದಲ್ಲಿ ಇದೆ, ನಾಣ್ಯದ ಒಡೆಯನಿಗೆ ಗೊತ್ತಿಲ್ಲ. ಈಗ ಪೈಸಾ ಇದ್ದವರನ್ನು ಮಾತ್ರ ಪರೀಕ್ಷೆಗೆ ಕರೆದರೆ ಗುಟ್ಟು ರಟ್ಟಾಯಿತು, ಅಲ್ವಾ? ಅದಕ್ಕೆ ಪೈಸಾ ಇಲ್ಲದವರನ್ನೂ ಸೇರಿಸಿಕೊಂಡರು. ಅವರಿಗೆಲ್ಲ ಕೊಟ್ಟದ್ದು ಹುಸಿಮದ್ದು. ಇದ್ದವರಲ್ಲಿ ಕೆಲವರಿಗೆ ನಿಜವಾದ ಮದ್ದು, ಕೆಲವರಿಗೆ ಹುಸಿ. ಯಾರಿಗೆ ಏನು ಎಂದು ಯಾರಿಗೂ ಗೊತ್ತಿಲ್ಲ.

ಇದರ ಅರ್ಥ, ಪೈಸಾದ ಕಾಯಿಲೆ ಬರಲು ಸಾಧ್ಯವೇ ಇಲ್ಲದ ಜನ ಐದರಿಂದ ಎಂಟು ವರ್ಷ ಸುಮ್ಮನೆ ಸೂಜಿ ಚುಚ್ಚಿಸಿಕೊಂಡರು. ತಮಗೋಸ್ಕರ ಅಲ್ಲ, ಪಕ್ಕದಲ್ಲಿ ಕೂತ ಅಣ್ಣನಿಗೋ ಅತ್ತಿಗೆಯ ಮಗನಿಗೋ ಗುಟ್ಟು ಗೊತ್ತಾಗದಿರಲಿ ಎಂದು. ಅಷ್ಟು ವರ್ಷಗಳಲ್ಲಿ ಬಿಟ್ಟುಹೋದವರು ಕೆಲವೇ ಜನ. ಬೇರೆ ಕಡೆಯ ಔಷಧ ಪರೀಕ್ಷೆಗಳಲ್ಲಿ ಒಂದೆರಡು ವರ್ಷಕ್ಕೇ ಜನ ಕೈಕೊಡುತ್ತಾರೆ.

2022ರ ಜೂನ್‌ನಲ್ಲಿ ಫಲಿತಾಂಶ ಬಂತು. ಮದ್ದು ತೆಗೆದುಕೊಂಡವರಿಗೂ ಹುಸಿಮದ್ದಿನವರಿಗೂ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಇರಲಿಲ್ಲ. ಮದ್ದು ಕೈಕೊಟ್ಟಿತ್ತು.

ಅಮಿಲಾಯ್ಡ್ ವಾದ ಅಲ್ಲಿಗೇ ಮುಗಿಯಿತು ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಅದಾದ ಮೇಲೆ ಬಂದ ಲೆಕನೆಮ್ಯಾಬ್ ಎಂಬ ಮದ್ದು ಗಸಿಯನ್ನು ಚೆನ್ನಾಗಿಯೇ ತೆಗೆಯುತ್ತದೆ. 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಬೆಳೆಯುವ ವೇಗ ಶೇ 27ರಷ್ಟು ತಗ್ಗಿತು. ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವದ ಅಪಾಯವೂ ಜೊತೆಗೆ ಬಂತು. ಅಂದರೆ ಗಸಿಗೆ ಪಾತ್ರ ಇದೆ. ಅಜ್ಜಿ ತೋರಿಸಿದ್ದು, ಪೂರ್ತಿ ನಾಟಕ ಅದೊಂದರದೇ ಅಲ್ಲ ಎಂದು. ಗಸಿ ತೆಗೆಯುವುದಕ್ಕೆ ಕೋಟಿಗಟ್ಟಲೆ ಸುರಿದ ಕಂಪನಿಗಳು ಟೌ ಹರಡುವ ದಾರಿ ಮುಚ್ಚುವ ಕಡೆಗೂ ಈಗ ಕಣ್ಣು ಹಾಯಿಸಿವೆ. ಅರ್ಬೊಲೆಡಾ-ವೆಲಾಸ್ಕೆಜ್ ಅವರ ಗುಂಪು ಕ್ರೈಸ್ಟ್‌ಚರ್ಚ್ ಮಾಡುವ ಕೆಲಸವನ್ನೇ ಮಾಡುವ ಪ್ರತಿಕಾಯವೊಂದನ್ನು ತಯಾರಿಸಿ ಇಲಿಗಳಲ್ಲಿ ಪರೀಕ್ಷಿಸಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಅಲ್ಜೈಮರ್ ಮದ್ದುಗಳು ಎಷ್ಟು ಬಿದ್ದಿವೆ ಎಂದು ಗೊತ್ತಿದ್ದವರು ಇದಕ್ಕೆ ತಕ್ಷಣ ಚಪ್ಪಾಳೆ ತಟ್ಟುವುದಿಲ್ಲ.

ಕೊನೆಯ ವರ್ಷಗಳು

ಅಜ್ಜಿಗೆ ಮರೆವು ಬರಲೇ ಇಲ್ಲ ಎಂದು ಬರೆದವರಿದ್ದಾರೆ. ಅದು ತಪ್ಪು. ಎಪ್ಪತ್ತು ದಾಟಿದ ಮೇಲೆ ಹೊಸದಾಗಿ ನಡೆದದ್ದು ನೆನಪಿನಲ್ಲಿ ನಿಲ್ಲದಂತಾಯಿತು. ಕೊನೆಯ ವರ್ಷಗಳಲ್ಲಿ ಅದು ಸ್ವಲ್ಪ ಬೆಳೆಯಿತು. ಬರಬೇಕಿದ್ದದ್ದು ಮೂರು ದಶಕ ತಡವಾಗಿ, ಮೆಲ್ಲಗೆ ಬಂತು. ಅವರು ಸತ್ತದ್ದು ಮರೆವಿನಿಂದಲ್ಲ. 2020ರ ನವೆಂಬರ್‌ನಲ್ಲಿ, 77ನೇ ವಯಸ್ಸಿನಲ್ಲಿ, ಚರ್ಮದ ಕ್ಯಾನ್ಸರ್‌ನಿಂದ.

ಮನೆಯವರು ಮೆದುಳನ್ನು ದಾನ ಕೊಟ್ಟರು. ಮೆಡೆಲಿನ್‌ನಲ್ಲಿ ಈ ಮನೆತನದವರು ಕೊಟ್ಟ ನೂರಾರು ಮೆದುಳುಗಳ ಬ್ಯಾಂಕೇ ಇದೆ. ಮೆದುಳು ಬೇಗ ಕೆಡುತ್ತದೆ. ಸತ್ತ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಮನೆಯವರು ಅಳುತ್ತಿರುವ ಹೊತ್ತಿಗೇ ಫೋನ್ ಮಾಡಬೇಕು. ಮುಂಚೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಮಾತ್ರ ಆಗುವ ಕೆಲಸ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 1995ರಿಂದ ಮೆದುಳು ಬ್ಯಾಂಕ್ ಇದೆ. ಕಣ್ಣು ದಾನ ಎಂದರೆ ತಲೆಯಾಡಿಸುವ ನಾವು ಮೆದುಳು ಎಂದ ಕೂಡಲೇ ಶಾಸ್ತ್ರ, ದಹನ, ನೆಂಟರು ಏನಂದಾರು ಎಂದು ಹಿಂದೆ ಸರಿಯುತ್ತೇವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಲವತ್ತೈದು ದಾಟಿದ ಹಳ್ಳಿಯವರನ್ನು ವರ್ಷಗಳ ಕಾಲ ಹಿಂಬಾಲಿಸಿ ಮೆದುಳಿನ ಆರೋಗ್ಯ ನೋಡುವ ಅಧ್ಯಯನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಕಾಯಿಲೆ ಬಾರದವರನ್ನೂ ಎಣಿಸುವ ಇಂಥ ಕಡೆಯೇ ಇನ್ನೊಬ್ಬ ಅಜ್ಜಿ ಕಣ್ಣಿಗೆ ಬೀಳಲು ಸಾಧ್ಯ.

ಕೊಲಂಬಿಯಾದ ಅಜ್ಜಿಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ 2022ರಲ್ಲಿ ಬಂತು. ಜೀವಂತವಿದ್ದಾಗ ಸ್ಕ್ಯಾನ್ ಹೇಳಿದ್ದನ್ನೇ ಅದೂ ಹೇಳಿತು. ಹಣೆಯ ಹಿಂದಿನ ಭಾಗದಲ್ಲಿ ಟೌ ಕಡಿಮೆ. ಆದರೆ ತಲೆಯ ಹಿಂಬದಿಯಲ್ಲಿ, ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಜಾಸ್ತಿ. ಕಾವಲು ಎಲ್ಲ ಕಡೆ ಒಂದೇ ಸಮ ಇರಲಿಲ್ಲ.

ಒಂದು ಪ್ರತಿ, ಎರಡು ಪ್ರತಿ

2019ರ ಲೇಖನದಲ್ಲೇ ಒಂದು ಸಾಲು ಇತ್ತು. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಪೈಸಾ ಜೊತೆಗೆ ಕ್ರೈಸ್ಟ್‌ಚರ್ಚ್ ಒಂದೇ ಪ್ರತಿ ಇದ್ದ ನಾಲ್ಕು ಜನರನ್ನು ಅವರು ನೋಡಿದ್ದರು. ನಾಲ್ವರಿಗೂ ನಲವತ್ತೈದರ ಆಸುಪಾಸಿನಲ್ಲಿ ಮರೆವು ಬಂದಿತ್ತು, ಎಲ್ಲರಿಗೂ ಬರುವ ಹಾಗೆ. ಹಾಗಾಗಿ ಎರಡು ಪ್ರತಿ ಇದ್ದರೆ ಮಾತ್ರ ಪ್ರಯೋಜನ, ಒಂದರಿಂದ ಏನೂ ಇಲ್ಲ ಎಂದು ಬರೆದುಕೊಂಡರು.

ನಾಲ್ಕು ಜನರಿಂದ ಎಷ್ಟು ಹೇಳಬಹುದು? ಮತ್ತೆ ಕಡತ ತೆಗೆದು, ಮನೆತನದ 1,077 ಜನರ ವಂಶವಾಹಿಗಳನ್ನು ನೋಡಿದರು. ಪೈಸಾ ಜೊತೆ ಕ್ರೈಸ್ಟ್‌ಚರ್ಚ್‌ನ ಒಂದು ಪ್ರತಿ ಇದ್ದವರು 27 ಜನ ಸಿಕ್ಕರು. 2024ರ ಜೂನ್‌ನಲ್ಲಿ ಬಂದ ಆ ಲೆಕ್ಕ ಹೀಗಿತ್ತು. ಈ 27 ಜನರಲ್ಲಿ ಮರೆವು ಶುರುವಾಗುವ ನಡು ವಯಸ್ಸು 52. ಅವರಿಗೆ ಹೋಲುವ, ಆದರೆ ಕ್ರೈಸ್ಟ್‌ಚರ್ಚ್ ಇಲ್ಲದ ಪೈಸಾದವರಲ್ಲಿ 47. ಐದು ವರ್ಷ ತಡ. ಅಜ್ಜಿಗೆ ಸಿಕ್ಕ ಮೂವತ್ತರ ಮುಂದೆ ಐದು ಏನೂ ಅಲ್ಲ. ಆದರೆ ಇದು ಒಬ್ಬರ ಕಥೆಯಲ್ಲ. ನಾಲ್ಕು ಜನರಲ್ಲಿ ಕಾಣದ್ದು ಇಪ್ಪತ್ತೇಳು ಜನರಲ್ಲಿ ಕಂಡಿತು. ತಾವೇ ಐದು ವರ್ಷದ ಹಿಂದೆ ಬರೆದದ್ದನ್ನು ಅವರೇ ತಿದ್ದಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 10ರಂದು ಲೊಪೆರಾ ತೀರಿಕೊಂಡರು. 73 ವರ್ಷವಾಗಿತ್ತು.

ಈ ಐದು ವರ್ಷದ ಲೆಕ್ಕ ನೇರವಾಗಿ ತಲುಪುವುದು ಅಜ್ಜಿಯ ಮಕ್ಕಳಿಗೆ. ಅಜ್ಜಿಯಲ್ಲಿ ಪೈಸಾ ಒಂದೇ ಪ್ರತಿ, ಆದ್ದರಿಂದ ಪ್ರತಿ ಮಗುವಿಗೂ ಅದು ಬಂದಿರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ. ಕ್ರೈಸ್ಟ್‌ಚರ್ಚ್‌ನದು ಹಾಗಲ್ಲ. ಅವರಲ್ಲಿದ್ದ ಎರಡೂ ಪ್ರತಿಗಳು ಅದೇ. ತಾಯಿಯಿಂದ ಯಾವ ಪ್ರತಿ ಬಂದರೂ ಅದು ಕ್ರೈಸ್ಟ್‌ಚರ್ಚೇ. ಹಾಗಾಗಿ ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ಪ್ರತಿ ಖಂಡಿತ ಬಂದಿದೆ. ಅದಕ್ಕೆ ನಾಣ್ಯ ಚಿಮ್ಮಬೇಕಾಗಿಲ್ಲ.